ಮಾಲೀಕ ಪಗಾರ ನಿಲ್ಲಿಸಿದ ಮ್ಯಾಲ ಟೀಮ್ ಯಾರದು?

ಆಗಸ್ಟ್ 4, ಸೋಮವಾರ. ಆಫೀಸು ಮುಗಿಸಿ ಸಿಲ್ಕ್ ಬೋರ್ಡ್ ಹತ್ರ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಫೋನು. ಆಗ ಸುದ್ದಿ ಬಂತು: ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿದೆ. ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಖಾತ್ರಿ ಇಲ್ಲದ್ದೇ ಕಾರಣವಂತೆ. ಕಿರಿಯರ ತಂಡಗಳು, ಫುಟ್‌ಬಾಲ್ ಶಾಲೆಗಳು ಮಾತ್ರ ಮೊದಲಿನಂತೆ ನಡೆಯುತ್ತವೆ ಅಂತ ಕ್ಲಬ್ ಹೇಳಿತ್ತು.

ರೂಮಿಗೆ ಬಂದಾಗ ಅಪ್ಪನ ಫೋನು. ದಿನಾ ಎಂಟೂವರೆಗೆ ಬರ್ತದೆ, ತಪ್ಪಿಸೋದಿಲ್ಲ.

"ಯಾಕೋ ತಮ್ಮಾ, ದನಿ ಸಣ್ಣಗಾಗೇತಿ?"

"ಏನಿಲ್ಲಪ್ಪ, ನಮ್ಮ ಟೀಮಿನವರ ಪಗಾರ ನಿಲ್ಲಿಸ್ಯಾರ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಬಹಳ ಮೆಲ್ಲಗೆ, "ಮತ್ತ ಕಂಪನಿ ಮುಳಗ್ತೇನು?" ಅಂದ.

ಅಪ್ಪನ ಹೆದರಿಕೆಗೆ ಕಾರಣ ಐತಿ. 2023ರ ಆರಂಭದಲ್ಲಿ ನಾನಿದ್ದ ಒಂದು ಸಣ್ಣ ಕಂಪನಿ ಎರಡು ತಿಂಗಳು ಪಗಾರ ಕೊಡದೆ, ಕೊನೆಗೆ ಒಂದು ಇಮೇಲ್ ಕಳಿಸಿ ಬಾಗಿಲು ಹಾಕ್ಕೊಂಡಿತ್ತು. ಆಗ ಬಾಡಿಗೆ ಕಟ್ಟಲು ಅಪ್ಪನೇ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಕಳಿಸಿದ್ದ. ಈ ಸಲ ನನ್ನ ಆಫೀಸಲ್ಲ, ಫುಟ್‌ಬಾಲ್ ಟೀಮು ಅಂತ ಬಿಡಿಸಿ ಹೇಳಿದ ಮೇಲೆ ಅವನಿಗೆ ಸಮಾಧಾನ ಆಯ್ತು. ಅದರ ಹಿಂದೆ ಸಿಟ್ಟೂ ಬಂತು.

"ಅಲ್ಲೋ, ಅದು ಜಿಂದಾಲ್ ಅವರ ಕಂಪನಿ ಅಂತಿ. ಮತ್ತ ನಮ್ಮ ಟೀಮ್ ಅಂತಿ. ಖರೇ ಯಾರದು ಅದು?"

ನನಗೆ ಥಟ್ಟನೆ ಉತ್ತರ ಹೊಳೀಲಿಲ್ಲ. ಈ ವಾರದ ಅಂಕಣ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಮರುದಿನದ ಕಾಲ್‌ನಲ್ಲಿ ಇದನ್ನು ನಮ್ಮ ಪ್ರಾಜೆಕ್ಟಿನ ಇನ್ನೊಬ್ಬ ಎಂಜಿನಿಯರ್‌ಗೆ ಹೇಳಿದೆ. ಅವನಿರೋದು ಲಿಥುವೇನಿಯಾದ ಕೌನಾಸ್ ನಗರದಲ್ಲಿ. ಎರಡು ವರ್ಷದಿಂದ ಪರಿಚಯ, ಮುಖತಃ ಭೇಟಿಯಾಗಿಲ್ಲ. ಬೇರೆಯವರು ಕಾಲ್‌ಗೆ ಸೇರೋವರೆಗಿನ ಐದು ನಿಮಿಷದಲ್ಲಿ ನಾವಿಬ್ಬರೂ ಆಟದ ಸುದ್ದಿ ಮಾತಾಡ್ತೀವಿ. ಅವನ ಹಿಂದಿನ ಗೋಡೆಗೆ ಸದಾ ಒಂದು ಹಸಿರು ಮಫ್ಲರ್ ನೇತು ಹಾಕಿರ್ತದೆ. ಅದು ಝಲ್ಗಿರಿಸ್ ಕ್ಲಬ್ಬಿನದು. ಬ್ಯಾಸ್ಕೆಟ್‌ಬಾಲ್.

ನಮಗೆ ಕ್ರಿಕೆಟ್ ಹೇಗೋ ಲಿಥುವೇನಿಯಾಗೆ ಬ್ಯಾಸ್ಕೆಟ್‌ಬಾಲ್ ಹಾಗೆ ಅಂದರೆ ಅರ್ಧ ಮಾತ್ರ ಹೇಳಿದಂತಾಯ್ತು. ಇಡೀ ದೇಶದ ಜನಸಂಖ್ಯೆ 30 ಲಕ್ಷಕ್ಕಿಂತ ಕಡಿಮೆ. ಬೆಂಗಳೂರಿನ ನಾಲ್ಕು ಮೂಲೆಯಲ್ಲಿ ಒಂದು ಮೂಲೆಗೂ ಸಾಲದು. ಅಂಥ ದೇಶ 1937 ಮತ್ತು 1939ರಲ್ಲಿ ಯುರೋಪಿನ ಚಾಂಪಿಯನ್ ಆಯ್ತು. ಎರಡನೆಯದು ಕೌನಾಸಿನಲ್ಲೇ, ಅದಕ್ಕಂತಲೇ ಕಟ್ಟಿದ ಹಾಲ್‌ನಲ್ಲಿ. ಮರುವರ್ಷ ಸೋವಿಯತ್ ಸೇನೆ ಬಂತು, ಆಮೇಲೆ ನಾಜಿಗಳು, ಆಮೇಲೆ ಮತ್ತೆ ಸೋವಿಯತ್. ಈ ಗದ್ದಲದ ನಡುವೆ 1944ರಲ್ಲಿ ಝಲ್ಗಿರಿಸ್ ಶುರುವಾಯ್ತು.

ಹೆಸರಿನ ಕತೆ ನನಗೆ ಬಹಳ ಹಿಡಿಸಿತು. ಝಲ್ಗಿರಿಸ್ ಅನ್ನೋದು ಒಂದು ಯುದ್ಧದ ಹೆಸರು. 1410ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾದ ಸೇನೆಗಳು ಸೇರಿ ಜರ್ಮನ್ ನೈಟ್‌ಗಳನ್ನು ಸೋಲಿಸಿದ ಕದನ; ಇತಿಹಾಸದ ಪುಸ್ತಕಗಳಲ್ಲಿ ಅದು ಗ್ರುನ್‌ವಾಲ್ಡ್ ಕದನ. ಸೋತವರು ಜರ್ಮನ್ನರಾದ್ದರಿಂದ ಮಾಸ್ಕೋದವರಿಗೆ ಈ ಹೆಸರಿನ ಮೇಲೆ ತಕರಾರಿರಲಿಲ್ಲ ಅಂತ ಕಾಣ್ತದೆ. ಲಿಥುವೇನಿಯಾದವರಿಗೆ ಮಾತ್ರ ಅದು ತಮ್ಮ ನಾಡಿನ ಗೆಲುವಿನ ಹೆಸರು. ಬಾಯಿ ಮುಚ್ಚಿಕೊಂಡಿರಬೇಕಾದ ಕಾಲದಲ್ಲಿ ಸಾವಿರಾರು ಜನ ಒಂದೇ ಹಾಲ್‌ನಲ್ಲಿ ನಿಂತು ಆ ಹೆಸರನ್ನು ಕೂಗಬಹುದಿತ್ತು, ಯಾರೂ ಹಿಡಿಯುವಂತಿರಲಿಲ್ಲ.

1985, 1986, 1987. ಮೂರು ವರ್ಷ ಸತತವಾಗಿ ಝಲ್ಗಿರಿಸ್ ಸೋವಿಯತ್ ಲೀಗ್ ಗೆದ್ದಿತು. ಎದುರಿದ್ದದ್ದು ಮಾಸ್ಕೋದ ಸಿಎಸ್‌ಕೆಎ, ಅಂದರೆ ಸೇನೆಯ ಕ್ಲಬ್. ಕೌನಾಸಿನ ಕಡೆ ಅರ್ವಿದಾಸ್ ಸಬೋನಿಸ್ ಇದ್ದ: ಅದೇ ಊರಿನ ಹುಡುಗ, 221 ಸೆಂಟಿಮೀಟರ್ ಎತ್ತರ, ಅಷ್ಟೆತ್ತರದವನಾದರೂ ಗಾರ್ಡ್ ಆಟಗಾರನ ಹಾಗೆ ಪಾಸ್ ಕೊಡುತ್ತಿದ್ದ. ಯೂಟ್ಯೂಬಿನಲ್ಲಿ ಆ ಮಸುಕು ವಿಡಿಯೋಗಳಿವೆ, ಊಟದ ಹೊತ್ತಿನಲ್ಲಿ ನೋಡಿ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದ ಸೋವಿಯತ್ ತಂಡದ ಮುಖ್ಯ ಆಟಗಾರರಲ್ಲಿ ನಾಲ್ವರು ಲಿಥುವೇನಿಯಾದವರು. ನಾಲ್ಕು ವರ್ಷದ ನಂತರ ಬಾರ್ಸಿಲೋನಾದಲ್ಲಿ ಸ್ವತಂತ್ರ ಲಿಥುವೇನಿಯಾದ ಹೆಸರಲ್ಲಿ ಆಡಿ, ಹಳೆಯ ಸೋವಿಯತ್ ಗಣರಾಜ್ಯಗಳ ತಂಡವನ್ನೇ 82-78ರಿಂದ ಸೋಲಿಸಿ ಕಂಚು ತಂದರು. 1999ರಲ್ಲಿ ಮ್ಯೂನಿಕ್‌ನಲ್ಲಿ ಝಲ್ಗಿರಿಸ್ ಇಟಲಿಯ ಬೊಲೊನ್ಯಾ ತಂಡವನ್ನು ಮಣಿಸಿ ಯೂರೋಲೀಗ್ ಗೆದ್ದಿತು. ಆಗ ನನ್ನ ಗೆಳೆಯ ಮೂರು ವರ್ಷದವನಂತೆ. ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬೀದಿಗೆ ಕರೆದೊಯ್ದದ್ದು ನೆನಪಿದೆ ಅಂತಾನೆ. ಮೂರು ವರ್ಷದ್ದು ನೆನಪಿರ್ತದಾ? ನಾನು ಕೇಳೋಕೆ ಹೋಗಲಿಲ್ಲ.

ಅವನು ಕೇಳಿದ: "ನಿಮ್ಮ ಕ್ಲಬ್ ಎಷ್ಟು ಹಳೇದು?"

"ಹನ್ನೆರಡು ವರ್ಷ."

ಅವನು ನಗಲಿಲ್ಲ. ಒಳ್ಳೇ ಮನುಷ್ಯ.

ನಮ್ಮ ಕ್ಲಬ್ಬಿನ ಕತೆ ಟೆಂಡರ್‌ನಿಂದ ಶುರುವಾಗ್ತದೆ. 2013ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಐ-ಲೀಗ್‌ಗೆ ಹೊಸ ಕಾರ್ಪೊರೇಟ್ ತಂಡಗಳು ಬೇಕು ಅಂತ ಬಿಡ್ ಕರೆಯಿತು. ಜೆಎಸ್‌ಡಬ್ಲ್ಯೂ ಗೆದ್ದಿತು. ನಮ್ಮ ಕಡೆಯವರಿಗೆ ಜೆಎಸ್‌ಡಬ್ಲ್ಯೂ ಅಂದ್ರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಡಿಪ್ಲೊಮಾ ಮುಗಿಸಿದ ಎಷ್ಟೋ ಹುಡುಗರು ಶಿಫ್ಟ್‌ಗೆ ಹೋಗೋ ಜಾಗ. ಆ ಕಂಪನಿ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹೆಸರಿನ ತಂಡ ಕಟ್ಟಿತು. ಹೆಸರು ಗಮನಿಸಿ. ಆಗಿನ್ನೂ ಇಂಗ್ಲಿಷಿನ ಸರ್ಕಾರಿ ಕಾಗದದಲ್ಲಿ ಊರಿನ ಹೆಸರು ಬ್ಯಾಂಗಲೋರ್. ಅಧಿಕೃತವಾಗಿ ಬೆಂಗಳೂರು ಆಗಿದ್ದು 2014ರ ನವೆಂಬರ್ 1ಕ್ಕೆ. ಅದೇ ದಿನ ನಮ್ಮ ಬಿಜಾಪುರ ವಿಜಯಪುರವಾಯ್ತು. ಅಂದರೆ ಕ್ಲಬ್ಬು ಒಂದು ವರ್ಷಕ್ಕೂ ಮೊದಲೇ ಊರಿಗೆ ಊರಿನ ಹೆಸರಿಟ್ಟಿತ್ತು. ಕಾರ್ಪೊರೇಟ್ ಟೀಮು ಅಂತ ಮೂಗು ಮುರಿಯುವವರಿಗೆ ನಾನು ಮೊದಲು ಹೇಳೋದು ಇದನ್ನೇ.

ಬೆಂಗಳೂರಿನ ಫುಟ್‌ಬಾಲ್ ಮಾತ್ರ 2013ರಲ್ಲಿ ಹುಟ್ಟಿದ್ದಲ್ಲ. ಇದನ್ನು ನನಗೆ ಕಲಿಸಿದ್ದು ಗ್ಯಾಲರಿಯಲ್ಲಿ ಪಕ್ಕದಲ್ಲಿ ನಿಲ್ಲುವ ಆಸ್ಟಿನ್ ಟೌನಿನ ಒಬ್ಬ ಅಣ್ಣ. ಆಟೋ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ನನ್ನ ಹೆಸರು ಗೊತ್ತಿದ್ದರೂ "ಬಿಜಾಪುರ" ಅಂತಲೇ ಕರೆಯೋದು. "ಬಾ ಬಿಜಾಪುರ, ನಿಂಗೆ ಹಿಸ್ಟರಿ ಹೇಳ್ತೀನಿ" ಅಂತ ಶುರು ಮಾಡಿದರೆ ಹಾಫ್ ಟೈಮ್ ಮುಗಿದದ್ದೇ ಗೊತ್ತಾಗೋದಿಲ್ಲ.

ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಮೊದಲು ಕಿತ್ತುಕೊಂಡ ಭಾರತೀಯ ನಾಗರಿಕರ ತಂಡ 1937ರ ಬ್ಯಾಂಗಲೋರ್ ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಹೆಚ್ಚಿನವರು ಬರಿಗಾಲಲ್ಲಿ ಆಡಿದ ಪಂದ್ಯ ಅದು, 2-1ರಿಂದ ಸೋತೆವು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋಗಿ ಅಲ್ಲಿನ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ.

ಆಮೇಲಿನದ್ದು ಕಾರ್ಖಾನೆಗಳ ಕಾಲ. ಎಚ್‌ಎಎಲ್, ಐಟಿಐ, ಬಿಇಎಂಎಲ್: ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದವು. ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಮೈದಾನ, ತಿಂಗಳ ಕೊನೆಗೆ ಸಂಬಳ, ಕಾಲು ಮುರಿದರೂ ನೌಕರಿ ಹೋಗದು. ನನ್ನ ಗ್ಯಾಲರಿ ಅಣ್ಣನ ತಂದೆ ಐಟಿಐನಲ್ಲಿ ಟೆಲಿಫೋನ್ ಜೋಡಿಸುತ್ತಿದ್ದವರು. 1977ರಲ್ಲಿ ಫೆಡರೇಷನ್ ಕಪ್ ಮೊದಲ ಸಲ ನಡೆದಾಗ ಎರ್ನಾಕುಲಂನ ಫೈನಲ್‌ನಲ್ಲಿ ಐಟಿಐ 1-0ಯಿಂದ ಮೋಹನ್ ಬಗಾನ್ ತಂಡವನ್ನು ಸೋಲಿಸಿತು. ಟೆಲಿಫೋನ್ ಕಾರ್ಖಾನೆ ಕೋಲ್ಕತ್ತದ ದೊಡ್ಡಣ್ಣನನ್ನು ಮಲಗಿಸಿತ್ತು! ಆ ಕಪ್ 2017ರಲ್ಲಿ ಕೊನೆಗೊಂಡಿತು. ಕಟಕ್‌ನಲ್ಲಿ ನಡೆದ ಆ ಕೊನೆಯ ಫೈನಲ್ ಗೆದ್ದವರು ಯಾರು? ಬೆಂಗಳೂರು ಎಫ್‌ಸಿ. ಎದುರಾಳಿ ಯಾರು? ಮತ್ತೆ ಮೋಹನ್ ಬಗಾನ್. ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು. ಮೊದಲ ಕಪ್ಪೂ ಬೆಂಗಳೂರಿಗೆ, ಕೊನೆಯದೂ ಬೆಂಗಳೂರಿಗೆ. ಸೋಪು ಹಾಕಿ ತೊಳೆದರೂ ಹೋಗದ ದಾಖಲೆ ಇದು.

ಮೊದಲ ಸೀಸನ್ನಿನ ಕತೆಗೆ ಬರೋಣ. ತರಬೇತುದಾರ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್, ನಾಯಕ ಸುನಿಲ್ ಛೆತ್ರಿ. ಮೈದಾನ ಗರುಡಾ ಮಾಲ್ ಸಮೀಪದ ಹಳೆಯ ಫುಟ್‌ಬಾಲ್ ಸ್ಟೇಡಿಯಂ. ಪ್ಲಾಸ್ಟಿಕ್ ಹುಲ್ಲು, ಬಿಸಿಲಿಗೆ ಕಾವಲಿಯಂತೆ ಕಾಯುತ್ತಿತ್ತು. 2013ರ ಸೆಪ್ಟೆಂಬರ್ 22ರಂದು ಮೊದಲ ಪಂದ್ಯ, ಮೋಹನ್ ಬಗಾನ್ ಎದುರು 1-1. ಅಲ್ಲಿನ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಕೂಗಿದ ಒಂದಷ್ಟು ಹುಡುಗರು ವೆಸ್ಟ್ ಬ್ಲಾಕ್ ಬ್ಲೂಸ್ ಆದರು. 2014ರ ಏಪ್ರಿಲ್ 21ಕ್ಕೆ ಗೋವಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ, ಮೊದಲ ವರ್ಷದಲ್ಲೇ ಐ-ಲೀಗ್ ಚಾಂಪಿಯನ್. ಹುಟ್ಟಿ ಒಂದು ವರ್ಷವೂ ಆಗಿರಲಿಲ್ಲ.

ಮರುವರ್ಷ ಕಂಠೀರವಕ್ಕೆ ಬಂದರು. 2015ರ ಮೇ 31, ಲೀಗಿನ ಕೊನೆಯ ದಿನ, ಮತ್ತೆ ಬಗಾನ್. ಗೆದ್ದರೆ ಟ್ರೋಫಿ ನಮಗೆ, ಡ್ರಾ ಆದರೆ ಅವರಿಗೆ. ಜಾನ್ ಜಾನ್ಸನ್ ಗೋಲು ಹೊಡೆದ. 87ನೇ ನಿಮಿಷದವರೆಗೆ ಟ್ರೋಫಿ ನಮ್ಮ ಕಡೆ ಇತ್ತು. ಆಮೇಲೆ ಕಾರ್ನರ್, ಬೆಲ್ಲೊ ರಜಾಕ್‌ನ ತಲೆ, 1-1. ಆಗ ನಾನು ವಿಜಯಪುರದ ಹಾಸ್ಟೆಲ್‌ನಲ್ಲಿ ಎರಡನೇ ವರ್ಷ ಓದ್ತಿದ್ದೆ. ಕಾಮನ್ ರೂಮಿನ ಟಿವಿಯಲ್ಲಿ ನೋಡ್ತಿದ್ದವರು ನಾವು ಮೂರೇ ಜನ, ಉಳಿದವರಿಗೆ ಚಾನೆಲ್ ಬದಲಿಸೋ ಅವಸರ. ನಮ್ಮ ಜಿಲ್ಲೆ ಅಂದ್ರ ಸೈಕಲ್ಲು, ಕುಸ್ತಿ, ಕಬಡ್ಡಿ. ಫುಟ್‌ಬಾಲ್ ನೋಡೋವರಿಗೆ ಸ್ವಲ್ಪ ಹುಚ್ಚು ಅಂತಲೇ ಲೆಕ್ಕ. ಆದರೂ ಅವತ್ತು ರಾತ್ರಿ ಊಟ ಇಳಿಯಲಿಲ್ಲ. ಐನೂರು ಕಿಲೋಮೀಟರ್ ದೂರದ, ಕಣ್ಣಾರೆ ನೋಡಿರದ ಒಂದು ಟೀಮು ಸೋತಿದ್ದಕ್ಕೆ ನನಗ್ಯಾಕೆ ಸಂಕಟ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು.

2016ರಲ್ಲಿ ಎರಡನೇ ಐ-ಲೀಗ್. ಅದೇ ವರ್ಷ ಅಕ್ಟೋಬರ್ 19ಕ್ಕೆ ಕಂಠೀರವದಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. 3-1. ಛೆತ್ರಿಯ ಎರಡು ಗೋಲು. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಆ ಫೈನಲ್ ತಲುಪಿರಲಿಲ್ಲ. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 1-0ಯಿಂದ ಸೋತೆವು. ಝಲ್ಗಿರಿಸ್‌ನ 1999 ಇದ್ದಂತೆ ನಮಗೆ 2016. ಅವರದು ಗೆಲುವು, ನಮ್ಮದು ಸೋಲು, ಅಷ್ಟೇ ವ್ಯತ್ಯಾಸ ಅಂತ ಗೆಳೆಯನಿಗೆ ಹೇಳಿದೆ. "ಅದು ಸಣ್ಣ ವ್ಯತ್ಯಾಸ ಅಲ್ಲ" ಅಂದ. ಹೌದು, ಅಲ್ಲ.

2017ರಲ್ಲಿ ಕೆಲಸ ಸಿಕ್ಕು ಬೆಂಗಳೂರಿಗೆ ಬಂದೆ. ವಿಜಯಪುರದ ರಾತ್ರಿ ಬಸ್ಸು, ಒಂದು ಬ್ಯಾಗು, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ. ಆಫೀಸಿನಲ್ಲಿ ಇಂಗ್ಲಿಷು, ಕ್ಯಾಂಟೀನಿನಲ್ಲಿ ಹಿಂದಿ, ಪಿಜಿಯಲ್ಲಿ ತೆಲುಗು. ನಾನು ಬಾಯಿ ಬಿಟ್ಟರೆ "ಹುಬ್ಬಳ್ಳಿ ಕಡೆಯವರಾ?" ಅಂತ ನಗು. ವಿಜಯಪುರ ಅಂತ ಎಷ್ಟು ಸಲ ಹೇಳೋದು? ಅದೂ ಕನಮಡಿ, ಮಹಾರಾಷ್ಟ್ರದ ಜತ್ತಕ್ಕೆ ಅಂಟಿದ ಗಡಿ ಊರು ಅಂತ ವಿವರಿಸೋಕೆ ಹೋದರೆ ಲಿಫ್ಟ್ ಬಂದುಬಿಡ್ತಿತ್ತು.

ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಸೇರಿದ್ದು ಅದೇ ವರ್ಷ. ಒಂದು ಸಂಜೆ ಒಬ್ಬನೇ ಟಿಕೆಟ್ ತಗೊಂಡು ಹೋದೆ. ಡೋಲು, ನೀಲಿ ಬಾವುಟ, ಗಂಟಲು ಹರಿಯುವ ಹಾಗೆ ಕೂಗುವ ಜನ. ಗೋಲು ಬಿದ್ದಾಗ ಪಕ್ಕದವನು ಏನೂ ಕೇಳದೆ ತಬ್ಬಿಕೊಂಡ. ಅವನೇ ಆಸ್ಟಿನ್ ಟೌನಿನ ಅಣ್ಣ. ಬೆಂಗಳೂರಿಗೆ ಬಂದು ಐದು ತಿಂಗಳಲ್ಲಿ ನನ್ನನ್ನು ಯಾರಾದರೂ ಮುಟ್ಟಿ ಮಾತಾಡಿಸಿದ್ದು ಅದೇ ಮೊದಲು.

2018ರ ಮಾರ್ಚ್ 17. ಕಂಠೀರವದಲ್ಲೇ ಐಎಸ್‌ಎಲ್ ಫೈನಲ್, ಚೆನ್ನೈಯಿನ್ ಎದುರು. ಒಂಬತ್ತನೇ ನಿಮಿಷಕ್ಕೆ ಛೆತ್ರಿ ಹಾರಿ ತಲೆ ಕೊಟ್ಟ. ಆಮೇಲೆ ಚೆನ್ನೈಯ ಮೈಲ್ಸನ್ ಆಲ್ವೆಸ್ ಎರಡು ಸಲ ಹೆಡ್ ಮಾಡಿದ. 3-2ರಿಂದ ಸೋತೆವು, ನಮ್ಮ ಮನೆಯಂಗಳದಲ್ಲೇ. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡ್ ಮಾಡಿ ಗೆಲ್ಲಿಸಿದ. ಅವತ್ತು ಕೋರಮಂಗಲದ ಒಂದು ದರ್ಶಿನಿಯ ಟಿವಿ ಮುಂದೆ ನಾನು ಚಹಾ ಚೆಲ್ಲಿಕೊಂಡು ಕುಣಿದಿದ್ದೇನೆ. ದರ್ಶಿನಿಯವರು ದುಡ್ಡು ತಗೊಳ್ಳಲಿಲ್ಲ.

ಎಲ್ಲಾ ಚಂದ ಇತ್ತು ಅಂತಲ್ಲ. ಕಂಠೀರವ ಮೂಲತಃ ಓಟಗಾರರ ಕ್ರೀಡಾಂಗಣ. ಫುಟ್‌ಬಾಲ್‌ನಿಂದ ತಮಗೆ ಟ್ರ್ಯಾಕ್ ಸಿಗ್ತಿಲ್ಲ ಅಂತ ಅಥ್ಲೀಟ್‌ಗಳು, ಕೋಚ್‌ಗಳು ಹೈಕೋರ್ಟ್ ಮೆಟ್ಟಿಲೇರಿದರು. ಅವರ ದೂರಿನಲ್ಲಿ ನ್ಯಾಯ ಇತ್ತು ಅಂತಲೇ ನನ್ನ ಅಭಿಪ್ರಾಯ. ಇಷ್ಟು ದೊಡ್ಡ ಊರಿಗೆ ಎರಡು ಮೈದಾನ ಮಾಡೋಕೆ ಆಗೋದಿಲ್ಲ ಅಂದರೆ ಅದು ಓಡುವವರ ತಪ್ಪೂ ಅಲ್ಲ, ಒದೆಯುವವರ ತಪ್ಪೂ ಅಲ್ಲ. 2019ರಲ್ಲಿ ಕ್ಲಬ್ಬು ಪುಣೆಯ ಬಾಲೆವಾಡಿಗೆ ಹೋಗುವ ಮಾತೂ ಆಗಿತ್ತು. ನಮ್ಮ ಕನಮಡಿಯವರಿಗೆ ಪುಣೆಯೇ ಹತ್ರ, ಆದರೂ ಆ ಸುದ್ದಿ ಓದಿ ನನಗೆ ತಡೀಲಿಲ್ಲ.

ಅದೇ ಕಂಠೀರವದ ಆವರಣದ ಒಳಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ಇದೆ ಅಂತ ಕೌನಾಸಿನವನಿಗೆ ಹೇಳಿದೆ. 2017ರ ಜುಲೈಯಲ್ಲಿ ಮಹಿಳೆಯರ ಏಷ್ಯಾ ಕಪ್ ಅಲ್ಲೇ ನಡೆದಿತ್ತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತ 75-73ರಿಂದ ಕಜಕಿಸ್ತಾನವನ್ನು ಸೋಲಿಸಿ ಎ ವಿಭಾಗಕ್ಕೆ ಏರಿತು. ಎರಡೇ ಅಂಕದ ಅಂತರ! ಅವನು ತಕ್ಷಣ ವಿಡಿಯೋ ಹುಡುಕಿ ನೋಡಿದ. "ನಿಮ್ಮಲ್ಲೂ ಇದೆಯಲ್ಲ, ಮತ್ತೆ ಕ್ಲಬ್ ಯಾಕಿಲ್ಲ?" ಅಂದ. ಈ ಪ್ರಶ್ನೆ ನನ್ನದಲ್ಲ, ನಮ್ಮ ಕ್ರೀಡಾ ಇಲಾಖೆಯದು.

ಇನ್ನು 2023ರ ಮಾರ್ಚ್. ಪಗಾರ ನಿಂತಿತ್ತು ಅಂದೆನಲ್ಲ, ಆ ದಿನಗಳು. ಶುಕ್ರವಾರ, ಮಾರ್ಚ್ 3, ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್. ಬರಲ್ಲ ಅಂತ ಅಣ್ಣನಿಗೆ ಮೆಸೇಜ್ ಹಾಕಿದ್ದೆ, ಕಾರಣ ಬರೆದಿರಲಿಲ್ಲ. ಅವನು ಗೇಟಿನ ಹತ್ರ ಎರಡು ಟಿಕೆಟ್ ಹಿಡಿದು ಫೋನ್ ಮಾಡಿದ. "ಬಾರೋ ಬಿಜಾಪುರ, ಡೌ ಮಾಡ್ಬೇಡ." ತೊಂಬತ್ತು ನಿಮಿಷ ಗೋಲಿಲ್ಲ. 96ನೇ ನಿಮಿಷಕ್ಕೆ ಫ್ರೀ ಕಿಕ್; ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟಿಕೊಳ್ಳುವ ಮೊದಲೇ ಛೆತ್ರಿ ಚೆಂಡನ್ನು ಬಲೆಗೆ ಹಾಕಿಬಿಟ್ಟ. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ತನ್ನವರನ್ನು ಹೊರಗೆ ಕರೆದುಕೊಂಡು ಹೋದ. ಅರ್ಧ ಸ್ಟೇಡಿಯಂ ಕುಣಿತಿದೆ, ಇನ್ನರ್ಧಕ್ಕೆ ಏನಾಯ್ತಂತ ಗೊತ್ತೇ ಇಲ್ಲ. ಮರುದಿನ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಎರಡು ದಿನದಲ್ಲಿ ಎರಡು ಹಬ್ಬ, ಜೇಬಿನಲ್ಲಿ ಮುನ್ನೂರು ರೂಪಾಯಿ.

ಪಂದ್ಯ ಮುಗಿದು ಹಡ್ಸನ್ ಸರ್ಕಲ್ ಕಡೆ ನಡೀತಾ ಅಣ್ಣನಿಗೆ ವಿಷಯ ಹೇಳಿದೆ. ಅವನು ಬಯ್ದ, ಮೊದಲೇ ಹೇಳಬೇಕಿತ್ತು ಅಂತ. ಮೂರು ದಿನದಲ್ಲಿ ಅದೇ ಗ್ಯಾಲರಿಯ ಇನ್ನೊಬ್ಬರಿಂದ ರೆಫರಲ್ ಬಂತು. ನಾನೀಗ ಇರುವ ಕೆಲಸ ಅದೇ.

ಹಾಗಾಗಿ ಆಗಸ್ಟ್ 4ರ ಸುದ್ದಿ ನನಗೆ ಬರೀ ಆಟದ ಸುದ್ದಿ ಅಲ್ಲ. ಹಿನ್ನೆಲೆ ಇಷ್ಟು: ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಗೂ 2010ರಲ್ಲಿ 15 ವರ್ಷದ ಒಪ್ಪಂದ ಆಗಿತ್ತು. ವರ್ಷಕ್ಕೆ 50 ಕೋಟಿ ರೂಪಾಯಿ ಫೆಡರೇಷನ್‌ಗೆ. 2025ರ ಡಿಸೆಂಬರ್‌ಗೆ ಅದು ಮುಗಿಯೋದಿತ್ತು. ಹೊಸದು ಕುದುರಿರಲಿಲ್ಲ. ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಏಪ್ರಿಲ್ 12ರಂದು ಸಾಲ್ಟ್ ಲೇಕ್‌ನಲ್ಲಿ ಬಗಾನ್ ಎದುರು ಹೆಚ್ಚುವರಿ ಸಮಯದವರೆಗೆ ಫೈನಲ್ ಆಡಿ 2-1ರಿಂದ ಸೋತ ತಂಡಕ್ಕೆ, ನಾಲ್ಕು ತಿಂಗಳು ತುಂಬುವ ಮೊದಲೇ ಪಗಾರ ಇಲ್ಲ. ಸಾಫ್ಟ್‌ವೇರಿನವರಿಗೆ ಇದು ಗೊತ್ತಿರೋ ಕತೆ: ಪ್ರಾಜೆಕ್ಟ್ ರಿನ್ಯೂ ಆಗಿಲ್ಲ, ಎಲ್ಲರೂ ಬೆಂಚಿಗೆ. ಛೆತ್ರಿಯ ವಿಷಯ ಬಿಡಿ. ಇಪ್ಪತ್ತೆರಡು ವರ್ಷದ, ಊರಿಗೆ ದುಡ್ಡು ಕಳಿಸಬೇಕಾದ ಹುಡುಗನ ಸ್ಥಿತಿ ಯೋಚಿಸಿ. ಅವನ ಆಟದ ಆಯಸ್ಸೇ ಹತ್ತು ವರ್ಷ. ಅದರಲ್ಲಿ ಒಂದು ವರ್ಷ ಖಾಲಿ ಹೋದರೆ ಯಾವ ರೆಸ್ಯೂಮೆಯಲ್ಲಿ ತುಂಬೋದು?

ಜೆಎಸ್‌ಡಬ್ಲ್ಯೂ ಮೇಲೆ ನನಗೆ ಸಿಟ್ಟಿಲ್ಲ, ಪೂರ್ತಿ ಇಲ್ಲ. ಹನ್ನೆರಡು ವರ್ಷ ದುಡ್ಡು ಸುರಿದಿದ್ದಾರೆ, ಲಾಭ ಬಂದಿರೋದು ಅನುಮಾನ. ಅವರಿಲ್ಲದಿದ್ದರೆ ಕಂಠೀರವದ ಒಂದು ರಾತ್ರಿಯೂ ಇರ್ತಿರಲಿಲ್ಲ. ಆದರೆ ಒಂದೇ ಕಂಬದ ಮೇಲೆ ಚಪ್ಪರ ಹಾಕಿದರೆ ಏನಾಗ್ತದೆ ಅನ್ನೋದು ದ್ರಾಕ್ಷಿ ಬೆಳೆಯೋರ ಮಗನಿಗೆ ಹೇಳಿಕೊಡಬೇಕಾಗಿಲ್ಲ.

ಇದನ್ನು ಕೇಳಿ ಕೌನಾಸಿನವನು ತಮ್ಮ ಕತೆ ಹೇಳಿದ. 2009ರಲ್ಲಿ ವ್ಲಾದಿಮಿರ್ ರೊಮಾನೊವ್ ಎಂಬ ಬ್ಯಾಂಕ್ ಮಾಲೀಕ ಝಲ್ಗಿರಿಸ್ ತಗೊಂಡ. ಕೋಚ್‌ಗಳನ್ನು ಅಂಗಿ ಬದಲಿಸಿದ ಹಾಗೆ ಬದಲಿಸಿದ. 2013ರ ಫೆಬ್ರವರಿಯಲ್ಲಿ ಅವನ ಬ್ಯಾಂಕೇ ಮುಳುಗಿತು. ಅವನು ರಷ್ಯಾ ಸೇರಿದ. ಕ್ಲಬ್ಬಿನ ತಲೆ ಮೇಲೆ ಸಾಲ. ಆದರೆ 2011ರಲ್ಲಿ ಕಟ್ಟಿದ 15 ಸಾವಿರ ಜನ ಹಿಡಿಯುವ ಅರೆನಾ ಇತ್ತು, ಅದನ್ನು ತುಂಬಿಸುವ ಜನರೂ ಇದ್ದರು. ಟಿಕೆಟ್ ಮಾರಿ, ಖರ್ಚು ಕಡಿಮೆ ಮಾಡಿ, ಅದೇ ಊರಿನ ಹಳೆಯ ಆಟಗಾರ ಶರೂನಾಸ್ ಯಾಸಿಕೆವಿಚಿಯುಸ್‌ನನ್ನು ಕೋಚ್ ಮಾಡಿ 2018ಕ್ಕೆ ಯೂರೋಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂದರು. ಮೂರನೇ ಸ್ಥಾನದ ಪಂದ್ಯದಲ್ಲಿ ಸೋಲಿಸಿದ್ದು ಯಾರನ್ನು ಅಂದುಕೊಂಡಿರಿ? ಹಳೇ ಸಿಎಸ್‌ಕೆಎ, 79-77.

ಆ ರೊಮಾನೊವ್‌ಗೆ ಇನ್ನೊಂದು ಕ್ಲಬ್ ಕೂಡ ಇತ್ತು: ಸ್ಕಾಟ್ಲೆಂಡಿನ ಹಾರ್ಟ್ಸ್, ಫುಟ್‌ಬಾಲ್. ಅದೂ 2013ರಲ್ಲಿ ದಿವಾಳಿಯಂಚಿಗೆ ಬಂತು. ಅಲ್ಲಿನ ಅಭಿಮಾನಿಗಳು ತಿಂಗಳಿಗೆ ಇಷ್ಟಿಷ್ಟು ಅಂತ ಹಾಕಿ, ಸುಮಾರು 8 ಸಾವಿರ ಜನ ಸೇರಿ, 2021ರಲ್ಲಿ ಕ್ಲಬ್ಬಿನ ಬಹುಪಾಲು ಒಡೆತನವನ್ನೇ ಪಡೆದರು. ಬಾರ್ಸಿಲೋನಾ, ರಿಯಲ್ ಮಡ್ರಿಡ್ ಕೂಡ ಸದಸ್ಯರದ್ದೇ ಕ್ಲಬ್ಬುಗಳು. ನಾವು ಅವರ ಫುಟ್‌ಬಾಲ್ ಮಾತ್ರ ನೋಡ್ತೀವಿ; ಅದೇ ಸದಸ್ಯರ ಬ್ಯಾಸ್ಕೆಟ್‌ಬಾಲ್ ತಂಡಗಳೂ ಯೂರೋಲೀಗ್‌ನಲ್ಲಿವೆ. ಕಪ್ ಅತಿ ಹೆಚ್ಚು ಸಲ ಗೆದ್ದದ್ದೂ ಮಡ್ರಿಡ್‌ನವರೇ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಹೊಸದೇನೋ ಹೇಳ್ತಿದ್ದೀನಿ ಅನ್ನೋ ಹಮ್ಮು ನನಗೆ. ಅಪ್ಪ ಪೂರ್ತಿ ಕೇಳಿ, "ಅಂದ್ರ ಸೊಸೈಟಿ ಅನ್ನು" ಅಂದ. "ಶೇರು ಹಾಕೂದು, ವರ್ಷಕ್ಕ ಒಮ್ಮಿ ಮೀಟಿಂಗ್ ಮಾಡೂದು, ಚೇರ್ಮನ್ನಗ ಬೈಯೂದು. ಇದನ್ನ ನಮ್ಮ ಗದಗ ಕಡಿಯವ್ರು ಎಂದೋ ಮಾಡಿಲ್ಲೇನು?"

ಮಾಡಿದ್ದಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಹಾರ್ಟ್ಸ್‌ನವರಿಗಿಂತ ನೂರು ವರ್ಷ ಮೊದಲು.

"ಮತ್ತ ನೀವು ಯಾಕ ಮಾಡಬಾರ್ದು? ತಿಂಗಳಾ ಒಂದು ಲಕ್ಷ ಎಣಸೋರು ಎಷ್ಟ ಮಂದಿ ಅದೀರಿ ಅಲ್ಲೆ?"

ಸುಲಭ ಅಲ್ಲ ಅಂತ ಹೇಳಿದೆ. ಐಎಸ್‌ಎಲ್ ಕ್ಲಬ್ ನಡೆಸೋಕೆ ವರ್ಷಕ್ಕೆ ಕೋಟಿಗಟ್ಟಲೆ ಬೇಕು, ಐನೂರು ರೂಪಾಯಿ ಶೇರಿನಿಂದ ಆಗೋದಲ್ಲ, ಕಾನೂನು ಬೇರೆ. ನನಗೇ ನನ್ನ ಮಾತು ನೆಪದಂತೆ ಕೇಳಿಸ್ತು. ಪೂರ್ತಿ ಕ್ಲಬ್ ಬೇಡ, ಅಭಿಮಾನಿಗಳದೊಂದು ಸಂಘ ನೋಂದಾಯಿಸಿ, ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಕೇಳಬಹುದಲ್ಲ? ಕಿರಿಯರ ತಂಡದ ಒಬ್ಬ ಹುಡುಗನ ಹಾಸ್ಟೆಲ್ ಖರ್ಚು ನೂರು ಜನ ಸೇರಿ ಹೊರಬಹುದಲ್ಲ? ಕಳೆದ ಭಾನುವಾರ ಅಣ್ಣನ ಅಂಗಡಿಯಲ್ಲಿ ನಾವು ಹನ್ನೊಂದು ಮಂದಿ ಕೂತಿದ್ವಿ. ಒಬ್ಬ ಚಾರ್ಟರ್ಡ್ ಅಕೌಂಟೆಂಟ್, ಇಬ್ಬರು ಸಾಫ್ಟ್‌ವೇರ್, ಒಬ್ಬ ಡೆಲಿವರಿ ಹುಡುಗ, ಎಚ್‌ಎಎಲ್‌ನಿಂದ ನಿವೃತ್ತರಾದ ಒಬ್ಬ ಹಿರಿಯರು. ಎರಡು ಗಂಟೆ ಜಗಳವೇ ಆಯ್ತು. ಸಂಘದ ಹೆಸರೇನು ಅನ್ನೋದರ ಮೇಲೇ ಒಂದು ಗಂಟೆ. ಸಹಕಾರ ಸಂಘಗಳ ಕಾಯ್ದೆಯನ್ನು ಓದಿಕೊಂಡು ಬರೋ ಕೆಲಸ ನನಗೆ ಬಿದ್ದಿದೆ. ಕೋಡ್ ರಿವ್ಯೂಗಿಂತ ಕಷ್ಟ, ಆದರೆ ಓದ್ತಿದ್ದೀನಿ.

ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ತೋಟಕ್ಕೆ ನಡೆದೆ. ಅಕ್ಟೋಬರ್ ಚಾಟ್ನಿಗೆ ಮೊದಲಿನ ಕೆಲಸ ನಡೆದಿತ್ತು. ಅಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣಿ ಹೊಡೀತಿದ್ದ. ಮೈಮೇಲೆ ನನ್ನ 2018ರ ಜೆರ್ಸಿ. ಔಷಧಿ ಬಿದ್ದು ಬಿದ್ದು ನೀಲಿ ಅಲ್ಲಲ್ಲಿ ಬೆಳ್ಳಗಾಗಿದೆ, ಬೆನ್ನ ಮೇಲಿನ 11ರಲ್ಲಿ ಒಂದು ಉದುರಿಹೋಗಿ ಇನ್ನೊಂದು ಉಳಿದಿದೆ.

"ಬ್ಯಾರೆ ಅಂಗಿ ಇರಲಿಲ್ಲೇನಪ್ಪ?" ಅಂದೆ.

"ಇದಕ್ಕ ಗಾಳಿ ಛಲೋ ಆಡ್ತದ" ಅಂದ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಪಂಪು ನಿಲ್ಲಿಸಿ, ತಿರುಗಿ ನೋಡದೆ ಕೇಳಿದ: "ನಿಮ್ಮ ಸೊಸೈಟಿದು ಶೇರು ಎಷ್ಟಂತ ಇಟ್ಟೀರಿ?"